ಹೊರಟವರ ಹಿಂದಿನ ಕಸ

ಹೊರಟವರ ಹಿಂದೆ ಕಸ ಹೊಡೆಯಬಾರದು ಅನ್ನುವುದಾದರೆ, ಬರುವವರು ಎಲ್ಲಿ ಮಲಗಬೇಕು? ಮಲಗಿ ಎದ್ದವರ ಕೂದಲು, ಒದರಿ ಹೋದ ಹೊಳೆಯ ಮರಳು, ಒಣಗಿದ ಬಾಳೆಹಣ್ಣಿನ ಸಿಪ್ಪೆ, ಇವುಗಳ ಮೇಲೆಯೇ ಹೊಸಬರ ಚಾಪೆ ಹಾಸಬೇಕೆ? ಮನೆಯಲ್ಲಾದರೆ ಸರಿ. ಮನೆಯಿಂದ ಹೊರಟವನು ಮನೆಯವನೇ. ಅವನು ಊರು ಮುಟ್ಟಿರಬಹುದು ಅನ್ನಿಸುವವರೆಗೆ ಅವ್ವ ಕಸಬರಿಗೆ ಮುಟ್ಟುತ್ತಿರಲಿಲ್ಲ. ಹೆಣ ಎತ್ತಿದ ಮನೆಯಲ್ಲಿ ಮಾತ್ರ ಬೆನ್ನಿಗೇ ಗುಡಿಸಿ ನೀರು ಹಾಕುತ್ತಾರೆ. ಆದರೆ ಇದು ಮನೆಯೋ, ವಸತಿಯೋ? ಬಾಡಿಗೆಗೆ ಕೊಟ್ಟ ಕೋಣೆಗೂ ಆ ಕಟ್ಟುಪಾಡು ಅಂಟಿಕೊಳ್ಳುತ್ತದೆಯೆ?

ಕಸಬರಿಗೆ ಹಿಡಿದು ಹೊಸ್ತಿಲೊಳಗೆ ನಿಂತ ಸೇತುಮಾಧವ ಹೀಗೆ ಯೋಚಿಸುತ್ತಿದ್ದ. ಅವನ ಮೊದಲ ಗಿರಾಕಿಗಳು, ರಾಯರ ದರ್ಶನಕ್ಕೆಂದು ಧಾರವಾಡದಿಂದ ಬಂದಿದ್ದ ಮುದುಕ ಮುದುಕಿ, ಈಗಷ್ಟೇ ಹೊರಟಿದ್ದರು. ಓಣಿಯ ಕೊನೆಯಲ್ಲಿ ಮುದುಕನ ಬೋಳು ತಲೆ ಬಿಸಿಲಿಗೆ ಇನ್ನೂ ಹೊಳೆಯುತ್ತಿತ್ತು.

ಎದುರು ಮನೆಯ ಜಗಲಿಯಲ್ಲಿ ಶೇಂಗಾ ಸುಲಿಯುತ್ತಿದ್ದ ಬಸಲಿಂಗಮ್ಮ ಕೈ ನಿಲ್ಲಿಸಿದಳು.

"ಏ ತಮ್ಮಾ, ಏನು ಮಾಡಾಕತ್ತಿ?"

"ಕಸ ಹೊಡೀತೀನವ್ವಾ. ಸಂಜಿ ಬಸ್ಸಿಗೆ ಮತ್ತೊಂದು ಪಾರ್ಟಿ ಬರ್ತದ."

"ಹೋದವರ ಬೆನ್ನು ಇನ್ನಾ ಕಾಣಾಕತ್ತೈತಿ. ಊರು ಮುಟ್ಟಲಿ, ಆಮ್ಯಾಲ ಹೊಡಿ. ಬ್ಯಾರೆ ಮನಿ ಆಗಿದ್ರ ನಾ ಬಾಯಿ ಹಾಕ್ತಿದ್ದಿಲ್ಲ. ಈ ಮನ್ಯಾಗ ಬ್ಯಾಡ."

"ಅವರದು ಧಾರವಾಡ. ಮುಟ್ಟೂ ಮಟ ನಾ ರೂಮಿಗೆ ಬೀಗ ಹಾಕ್ಕೊಂಡು ಕೂಡ್ಲ್ಯಾ?"

"ಕುಂದ್ರು. ಏನು ದೊಡ್ಡ ಕೆಲಸ ಐತಿ ನಿನಗ? ಹೆಂಡ್ತಿ ಬಾಜೂಕ ಇಲ್ಲ, ಮಕ್ಕಳಿಲ್ಲ."

ಆ ಮಾತು ಅವನಿಗೆ ತಾಗಿತು. ಹೆಂಡತಿ ತುಳಸಿ ಆದೋನಿಯಲ್ಲಿ ತನ್ನ ಅಣ್ಣನ ಮನೆಯಲ್ಲಿದ್ದಳು. ಮದುವೆಯಾದಾಗಿನಿಂದ ಇಬ್ಬರೂ ಆ ಮನೆಯ ನಡುಮನೆಯಲ್ಲಿ, ಹಗ್ಗಕ್ಕೆ ಇಳಿಬಿಟ್ಟ ಒಂದು ಹಳೆಯ ಸೀರೆಯ ಮರೆಯಲ್ಲಿ ಸಂಸಾರ ಮಾಡಿದ್ದರು. ಬಿ.ಎ. ಆದರೂ ಅವನಿಗೆ ಕೆಲಸ ಸಿಕ್ಕಿರಲಿಲ್ಲ. "ನಮ್ಮದೂಂತ ಒಂದು ಬಾಗಲಾ ಇದ್ರ ಸಾಕು, ಬಂದುಬಿಡ್ತೀನಿ" ಎಂದಿದ್ದಳು ತುಳಸಿ. ಆ ಒಂದು ಮಾತನ್ನು ಹಿಡಿದುಕೊಂಡು ಅವನು ಮಂತ್ರಾಲಯದ ಪಕ್ಕದ ಮಾಧವರಂ ಊರಿಗೆ ಬಂದಿದ್ದ. ಹತ್ತಿ ವ್ಯಾಪಾರಿ ಏಕಾಂತಪ್ಪನ ಈ ಮನೆಗೆ ವರ್ಷಗಳಿಂದ ಬೀಗ ಬಿದ್ದಿತ್ತು. ಮಂತ್ರಾಲಯದಲ್ಲಿ ಜಾಗ ಸಿಗದವರು ಇಲ್ಲಿ ಇಳಿಯುತ್ತಾರೆ ಎಂದುಕೊಂಡು ಅದನ್ನು ಬಾಡಿಗೆಗೆ ಹಿಡಿದ. ಸುಣ್ಣ ಬಳಿದ. ಚಾಪೆ, ದಿಂಬು, ನೀರಿಗೊಂದು ಹಂಡೆ ತಂದ. ಬಾಗಿಲ ಮೇಲೆ ಕನ್ನಡದಲ್ಲೂ ತೆಲುಗಿನಲ್ಲೂ ಬರೆದ: ಯಾತ್ರಿಕರಿಗೆ ವಸತಿ. ನಾಲ್ಕು ಜನ ಬಂದು ಹೋಗಿ ಮನೆ ಮನೆಯಂತಾದರೆ ತುಳಸಿ ಬರುತ್ತಾಳೆ. ಅವನಿಗೆ ಬೇಕಾದದ್ದು ಅಷ್ಟೇ.

ಬಸಲಿಂಗಮ್ಮ ದನಿ ತಗ್ಗಿಸಿದಳು.

"ಏಕಾಂತಪ್ಪನ ಅಪ್ಪನ ಕಾಲಕ್ಕ ನಾಗಲದಿನ್ನಿ ಕಡಿಂದ ಗಂಡ ಹೆಂಡ್ತಿ ಬಂದು ಈ ಮನ್ಯಾಗ ಇಳಿದಿದ್ರು. ಗಂಡಗ ಜ್ವರ. ನಕ್ಷತ್ರ ಕೆಟ್ಟೈತಿ, ಒಳಗ ಸತ್ರ ಆರು ತಿಂಗಳು ಮನಿ ಬಿಡಬೇಕಾಕ್ಕೈತಂತ ಈ ಮನಿಯವರು ಅಂವಗ ಜೀವ ಇದ್ದಾಗಲೇ ಹೊರಗ ಹಾಕಿದ್ರು. ಹಾಕಿ, ಬೆನ್ನಿಗೇ ಕಸ ಹೊಡೆದು ನೀರು ಹಾಕಿದ್ರು, ಹೆಣ ಹೋದಂಗ. ಅಗೋ ಆ ಬೇವಿನ ಗಿಡದ ಕೆಳಗ ಅಂವ ಸತ್ತ. ಆಕಿ ಮಾಟ ಕಲ್ತಾಕಿ. ಅದೇ ಕಸಾನ ಸೆರಗಿನ್ಯಾಗ ಕಟ್ಟಿಕೊಂಡ್ಲು. ಗಂಡನ ಬೂದಿ ಕಲಸಿದ್ಲು. ಈ ಹೊಸ್ತಿಲ ಸಂದ್ಯಾಗ ತುಂಬಿದ್ಲು. ಇನ್ನ ಈ ಮನ್ಯಾಗ ಯಾರ ಹಿಂದ ಕಸ ಹೊಡೆದ್ರೂ ಅವರು ಹೆಣ ಆದಂಗ ಅಂದ್ಲು. ಹೆಣ ಆಗಿ ಇಲ್ಲಿಗೇ ಬರ್ತಾರ, ನಿಮಗ ಕಾಲು ಚಾಚಾಕ ಜಾಗ ಉಳಿಯಂಗಿಲ್ಲ ಅಂದ್ಲು."

"ಏಕಾಂತಪ್ಪ ನನಗ ಇದನ್ನ ಹೇಳಲೇ ಇಲ್ಲಲ್ಲ?"

"ಹೇಳಿದ್ರ ನೀ ಹಿಡೀತಿದ್ದೇನು?"

ಸೇತುಮಾಧವ ನಕ್ಕುಬಿಟ್ಟ. "ಭೇಷಾತು ಬಿಡವ್ವಾ. ಬಂದ ಗಿರಾಕಿ ಖಾಯಂ ಆಗ್ತಾರಂದ್ರ ನನ್ನಂಥವಗ ಅದಕ್ಕಿಂತ ಏನು ಬೇಕು?"

"ನಗು. ಬಿ.ಎ. ಓದಿದವರಿಗೆ ಹಲ್ಲು ಜಾಸ್ತಿ ಬರ್ತಾವಂತ."

ಅವನು ಗುಡಿಸಿದ. ನಶ್ಯದ ಪುಡಿ, ಬಿಳಿ ಕೂದಲು, ಮರಳು ಹೊಸ್ತಿಲು ದಾಟಿ ಓಣಿಗೆ ಬಿದ್ದವು. ಅಷ್ಟು ದೂರದಲ್ಲಿ ಮುದುಕ ಇದ್ದಕ್ಕಿದ್ದಂತೆ ನಿಂತ. ಹೆಗಲ ಮೇಲೆ ಯಾರೋ ಕೈಯಿಟ್ಟಂತೆ ತಿರುಗಿ ನೋಡಿದ. ಮುದುಕಿ ಏನೋ ಕೇಳಿದಳು. ಅವನು ತಲೆಯಾಡಿಸಿ ಮುಂದೆ ನಡೆದ.

*

ಒಳಕೋಣೆಗೆ ಕಿಟಕಿ ಇರಲಿಲ್ಲ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಮಾಳಿಗೆಯಲ್ಲೊಂದು ಬೆಳಕಿಂಡಿ. ಬೆಳಕಿಂಡಿಗೆ ಗಡಿಗೆ ಬೋರಲು ಹಾಕಿದರೆ ನಡುಹಗಲಲ್ಲೂ ಕತ್ತಲೆ. ಬೇಸಗೆಯಲ್ಲಿ ಅದೇ ಅದರ ಗುಣ, ತಂಪು.

ಅಂದು ಸಂಜೆಯ ಬಸ್ಸಿಗೆ ಬರಬೇಕಿದ್ದ ಪಾರ್ಟಿ ಬರಲೇ ಇಲ್ಲ. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಸೇತುಮಾಧವ ಪಡಸಾಲೆಯಲ್ಲಿ ಮಲಗಿದ್ದ. ಓಣಿಯಲ್ಲಿ ನಾಯಿಯೂ ಓಡಾಡುತ್ತಿರಲಿಲ್ಲ. ಮುಚ್ಚಿದ ಕೋಣೆಯೊಳಗೆ ಯಾರೋ ಸೀನಿದರು.

ಸೀನಿ, ಮೂಗು ಒರೆಸಿಕೊಂಡು, "ನಾರಾಯಣ" ಎಂದರು.

ಅವನು ಎದ್ದು ಕುಳಿತ. ಬಾಗಿಲು ದೂಡಿದ. ತಂಪು ಮುಖಕ್ಕೆ ಬಡಿಯಿತು. ತಂಪಿನೊಳಗೆ ನಶ್ಯದ ವಾಸನೆ, ಅದರ ಅಡಿಯಲ್ಲಿ ಇನ್ನೇನೋ, ಬಹಳ ದಿನ ನೀರು ನಿಂತ ಹಂಡೆಯ ತಳದಂಥ ವಾಸನೆ. ಯಾರೂ ಇರಲಿಲ್ಲ. ಚಾಪೆಗಳು ಸುತ್ತಿಟ್ಟಂತೆಯೇ ಇದ್ದವು. ಬಾಗಿಲೆಳೆದುಕೊಂಡು ಹೊರಗೆ ಬಂದ. ಬಿಸಿಲಿಗೆ ತಲೆ ಕೆಟ್ಟಿದೆ ಎಂದುಕೊಂಡ. ಹಾಗೆಂದುಕೊಂಡರೂ ಮತ್ತೆ ಮಲಗಲಿಲ್ಲ.

ಸಂಜೆ ಆದೋನಿ ಬಸ್ಸಿನ ಕಂಡಕ್ಟರ್ ಅಂಜಿನಪ್ಪ ಚಹಾದಂಗಡಿಯ ಮುಂದೆ ಅವನನ್ನು ಹಿಡಿದು ನಿಲ್ಲಿಸಿದ. ಗಿರಾಕಿಗಳನ್ನು ಸೇತುಮಾಧವನ ಬಾಗಿಲಿಗೆ ಕಳಿಸುತ್ತಿದ್ದವನು ಅವನೇ.

"ಸಾರ್, ನಿಮ್ಮ ನಶ್ಯದ ಮುದುಕ ಇದ್ನಲ್ಲ, ಚನಿಪೋಯಾಡು ಪಾಪಂ, ಸತ್ತುಹೋದ. ಅವತ್ತೇ. ಸ್ಟೇಷನ್ ಬೆಂಚಿನ ಮ್ಯಾಲ ಕುಂತಾಂವ ಕುಂತಂಗೇ. ರೈಲು ಬಂದೈತಿ ಏಳ್ರೀ ಅಂತ ಮುದುಕಿ ಎಬ್ಬಿಸಾಕತ್ತಿದ್ಲಂತ."

"ಮುದುಕಿ?"

"ಆಕಿನೂ. ಊರಿಗೆ ಮುಟ್ಟಲಿಲ್ಲ."

ವಯಸ್ಸಾಗಿತ್ತು, ಎಂದುಕೊಂಡ ಸೇತುಮಾಧವ. ಅನಂತರ ಬಂದದ್ದು ಗದಗದ ಕಡೆಯ ಹೊಸ ಜೋಡಿ. ಆ ಹುಡುಗಿಗೆ ಮಾತುಮಾತಿಗೆ ನಗು; ದೊಡ್ಡವರ ಎದುರಿಗಿದ್ದವಳಂತೆ ಹೆದರಿ ಬಾಯಿಗೆ ಸೆರಗೊತ್ತಿ ನಗುತ್ತಿದ್ದಳು. ಅವರು ಹೊರಟಾಗ ಅವನ ಕೈ ಕಸಬರಿಗೆಯ ಮೇಲೆ ಒಂದು ಕ್ಷಣ ತಡೆಯಿತು. ತಡೆದದ್ದಕ್ಕೆ ಅವನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ನಾಚಿಕೆಗಾಗಿಯೇ ಗುಡಿಸಿದ.

ಊರಿಗೆ ಹೊರಡುವ ಮುನ್ನ ಇನ್ನೊಂದು ಮುಳುಗು ಹಾಕೋಣವೆಂದು ಅವರು ಹೊಳೆಗಿಳಿದರಂತೆ. ಹುಡುಗಿಯ ಕಾಲು ಮಡುವಿನಲ್ಲಿ ಜಾರಿತು. ಹಿಡಿಯಲು ಹೋದವನೂ ಮೇಲೆ ಬರಲಿಲ್ಲ. ಅಂಜಿನಪ್ಪ ಈ ಸುದ್ದಿ ಹೇಳುವ ಹೊತ್ತಿಗೆ ಸೇತುಮಾಧವನಿಗೆ ಗೊತ್ತಾಗಿತ್ತು. ಕೋಣೆಯೊಳಗೆ ಒದ್ದೆ ಸೀರೆಯಿಂದ ನೀರು ತೊಟ್ಟಿಕ್ಕತೊಡಗಿ ಆಗಲೇ ಒಂದು ದಿನವಾಗಿತ್ತು. ಬಾಗಿಲು ತೆಗೆದರೆ ನೆಲ ಒಣಗಿರುತ್ತಿತ್ತು. ಮುಚ್ಚಿದರೆ ಮತ್ತೆ ಹನಿ. ನಡುವೆ, ಸೆರಗೊತ್ತಿಕೊಂಡ ನಗು.

ಮುಂದೆ ಬಂದ ಕುಟುಂಬ ಹೊರಟಾಗ ಅವನು ಕಸಬರಿಗೆ ಮುಟ್ಟಲಿಲ್ಲ. ಕೋಣೆಗೆ ಬೀಗ ಹಾಕಿ ಪಡಸಾಲೆಯಲ್ಲಿ ಕುಳಿತ. ಸಂಜೆ ಬಂದವರನ್ನು ಜಾಗವಿಲ್ಲ ಎಂದು ಕಳಿಸಿದ. ಕೆಲವು ದಿನಗಳ ಮೇಲೆ ಆ ಕುಟುಂಬದ ಯಜಮಾನ ಮರೆತು ಹೋಗಿದ್ದ ಶಾಲಿಗಾಗಿ ತಾನೇ ಬಂದ. ಕೆಂಪಗೆ, ಗಟ್ಟಿಮುಟ್ಟಾಗಿ, ವೀಳ್ಯ ಜಗಿಯುತ್ತ ಬಾಗಿಲಲ್ಲಿ ನಿಂತಿದ್ದವನನ್ನು ಸೇತುಮಾಧವ ದೇವರನ್ನು ನೋಡಿದಂತೆ ನೋಡಿದ. ಅನುಮಾನಕ್ಕೆ ಇನ್ನು ಜಾಗವಿರಲಿಲ್ಲ. ಆ ನಾಲ್ವರನ್ನು ಕೊಂದದ್ದು ತನ್ನ ಕೈ.

ಅಂದಿನಿಂದ ಯಾರ ಬೆನ್ನಿಗೂ ಗುಡಿಸಲಿಲ್ಲ. ಮನೆ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಹೋಗುವುದೆಂದರೆ ಮತ್ತೆ ಆ ಸೀರೆಯ ಮರೆ. ಇನ್ನೊಂದು ಕಾರಣವನ್ನು ಅವನು ತನಗೆ ತಾನೂ ಹೇಳಿಕೊಳ್ಳುತ್ತಿರಲಿಲ್ಲ. ಮಧ್ಯಾಹ್ನಗಳಲ್ಲಿ ಅವನು ಒಳಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತುಕೊಳ್ಳುತ್ತಿದ್ದ. ಬೆನ್ನ ಹಿಂದೆ ಮುದುಕ ಸೀನುತ್ತಿದ್ದ. ಮುದುಕಿ ಏನನ್ನೋ ಹುಡುಕುತ್ತ ಗಂಟು ಬಿಚ್ಚಿ ಕಟ್ಟುತ್ತಿದ್ದಳು. ಹುಡುಗಿ ನಗುತ್ತಿದ್ದಳು. ಅವರಿಗೆ ಅವನಿಂದ ಏನೂ ಬೇಕಿರಲಿಲ್ಲ. ಮಾತು ಬೇಡದ ಸಹವಾಸ. ಅವನಿಗೆ ಮಾತು ಬರುತ್ತಿರಲಿಲ್ಲ ಅಂತಲ್ಲ. ಹೇಳಬೇಕಾದದ್ದು ಗಂಟಲವರೆಗೆ ಬಂದು, ಹೇಳದಿದ್ದರೂ ತಿಳಿದೀತು ಅನ್ನಿಸಿ, ಮರಳಿ ಇಳಿದುಹೋಗುತ್ತಿತ್ತು. ಒಂದು ದಿನ ತಂಬಿಗೆಯಲ್ಲಿ ನೀರು ತುಂಬಿ ಕೋಣೆಯೊಳಗಿಟ್ಟ. ಮರುದಿನವೂ ಇಟ್ಟ.

*

ಶ್ರಾವಣದಲ್ಲಿ, ರಾಯರ ಆರಾಧನೆಯ ಜನ ಸೇರುವ ಮುಂಚೆ, ತುಳಸಿ ಬಂದಳು. ಅಣ್ಣನ ಜೊತೆಯಿಲ್ಲದೆ, ಒಂದು ಟ್ರಂಕು ಹಿಡಿದು, ಒಬ್ಬಳೇ ಬಸ್ಸಿಳಿದಳು.

"ಬಾಗಲದ ಮ್ಯಾಲೆ ನೀವೇ ಬರದೀರೇನು?" ಎಂದು ತಲೆಯೆತ್ತಿ ನೋಡಿದಳು. "ತೆಲುಗು ಅಕ್ಷರ ಸೊಟ್ಟಗ ಬಂದಾವ."

ಅವನು ನಕ್ಕ. ಅವಳು ಹೊಸ್ತಿಲಿಗೆ ರಂಗೋಲಿ ಹಾಕಿದಳು. ಒಲೆ ಹೊತ್ತಿಸಿದಳು. ಆ ಮನೆಯಲ್ಲಿ ಮೊದಲ ಬಾರಿ ಇಂಗಿನ ಒಗ್ಗರಣೆಯ ವಾಸನೆ ಎದ್ದಿತು. ಸೀಗೆಕಾಯಿ ಹಾಕಿ ತಲೆಗೆರೆದುಕೊಂಡು, ಜಗಲಿಯ ಬಿಸಿಲಲ್ಲಿ ಕೂದಲು ಹರವಿ ಕೂತು, ಬಸಲಿಂಗಮ್ಮನೊಡನೆ ಓಣಿಗೆ ಕೇಳುವಂತೆ ಮಾತಾಡಿದಳು. "ನಿನ್ನ ಗಂಡ ಬಾಯಾಗ ಕಲ್ಲಿನ ಹಳ್ಳು ಇಟಗೊಂಡಾನೇನ?" ಎಂದು ಬಸಲಿಂಗಮ್ಮ ಕೇಳಿದರೆ, "ಇಟಗೊಂಡಿರಬೇಕು. ಒಂದಿನ ಉಗುಳ್ಯಾರಂತ ಕಾಯ್ತೀನಿ" ಎಂದಳು. ಪಡಸಾಲೆಯಲ್ಲಿ ಕುಳಿತು ಅದನ್ನು ಕೇಳಿದ ಸೇತುಮಾಧವನ ಎದೆ ತುಂಬಿ ಬಂತು. ಒಳಕೋಣೆಗೆ ಅವಳು ಹೋಗದಂತೆ ಒಂದಲ್ಲ ಒಂದು ನೆಪ ಹೂಡುತ್ತಿದ್ದ.

ಆರಾಧನೆಯ ಹಿಂದಿನ ದಿನ ಸೆಕೆ. ಅವನು ಹಂಡೆಗೆ ನೀರು ತರಲು ಹೋಗಿದ್ದಾಗ ತುಳಸಿ ತಂಪಿಗೆಂದು ಆ ಕೋಣೆಯಲ್ಲಿ ಹೋಗಿ ಮಲಗಿದಳು. ಅವನು ಮರಳಿದಾಗ ಜಗಲಿಯ ಕಂಬವನ್ನು ತಬ್ಬಿಕೊಂಡು ನಿಂತಿದ್ದಳು.

"ಒಳಗ ಯಾರೋ ಅದಾರ್ರೀ."

ಅವನು ಕೊಡ ಇಳಿಸಿದ.

"ನನ್ನ ಬಾಜೂಕ ಒಬ್ಬಾಕಿ ಮಲಗಿದ್ಲು. ನೀವಂತ ಮಾಡಿ ಕೈ ಚಾಚಿದೆ. ಒದ್ದಿ ಸೀರಿ. ತಣ್ಣಗ. ನಕ್ಕಳ್ರೀ."

ಅವನು ಕೊಡದ ಬಾಯಿಯನ್ನೇ ನೋಡುತ್ತ ನಿಂತ. ಆ ಮೌನವನ್ನು ಅವಳು ಓದಿದಳು. ಇಷ್ಟು ವರ್ಷ ಅವಳು ಓದಿದ್ದು ಅದನ್ನೇ.

"ನಿಮಗ ಗೊತ್ತಿತ್ತು," ಎಂದಳು.

ಆ ರಾತ್ರಿ ಬಸಲಿಂಗಮ್ಮನ ಮನೆಯಲ್ಲಿ ಮಲಗಿದಳು. ಬೆಳಿಗ್ಗೆ ಬಂದು ಟ್ರಂಕು ತುಂಬಿದಳು. ಹಿಂದಿನ ದಿನ ಅವಳೇ ಒಯ್ದಿಟ್ಟಿದ್ದ ಅದು ಒಳಕೋಣೆಯ ಬಾಗಿಲೊಳಗೇ ಇತ್ತು. ಒಂದು ಸೀರೆ ಮಡಿಸಿ ಅವನ ಮುಖ ನೋಡುತ್ತಿದ್ದಳು. ಇನ್ನೊಂದು ಮಡಿಸಿ ಮತ್ತೆ ನೋಡುತ್ತಿದ್ದಳು.

"ನೀವೂ ನಡೀರಿ. ಅಣ್ಣ ಹತ್ತಿ ಜಿನ್ನಿಂಗ್ ಮಿಲ್ಲಿನ್ಯಾಗ ನಿಮ್ಮ ಕೆಲಸಕ್ಕ ಹೇಳ್ತಾನ. ಸೀರಿ ಮರಿ ಆದ್ರ ಸೀರಿ ಮರಿ, ಬದುಕಿದ ಮಂದಿ ನಡುವ ಇರೋಣ."

ಅವನು ಗೋಡೆ ನೋಡಿದ.

"ಏನರ ಹೇಳೂದದ ಏನು?"

ಗಂಟಲವರೆಗೆ ಬಂತು. ಬಂದು ನಿಂತಿತು.

"ಬಸ್ಸಿನ ಹೊತ್ತಾತು," ಎಂದ ಸೇತುಮಾಧವ.

ಅವಳು ಟ್ರಂಕು ಎತ್ತಿಕೊಂಡಳು. "ಇನ್ನ ನಾ ಈ ಮನೀಗೆ ಬರೂದಿಲ್ಲ. ಬರೂದಿದ್ರ ನೀವೇ ಬರ್ರಿ." ಹೊಸ್ತಿಲು ದಾಟಿದಳು. ತಾನೇ ಹಾಕಿದ ರಂಗೋಲಿಯನ್ನು ತುಳಿಯದಂತೆ ಕಾಲು ದೊಡ್ಡದು ಮಾಡಿ ದಾಟಿದಳು.

ಜಗಲಿಯ ಮೇಲೆ ಗುಲ್ಬರ್ಗಾ ಕಡೆಯ ಒಂದು ಕುಟುಂಬ ಬಂದು ಕುಳಿತಿತ್ತು. ಮಂತ್ರಾಲಯದಲ್ಲಿ ಕಾಲಿಡಲು ಜಾಗವಿಲ್ಲವಂತೆ.

"ಯಜಮಾನ್ರ, ರೂಮು ಖಾಲಿ ಆತಲ್ಲ?" ಎಂದ ಅವರಲ್ಲಿ ಹಿರಿಯ. "ಸಾಮಾನು ಒಳಗ ಇಡ್ಲ್ಯಾ?"

"ಕಸ ಹೊಡೆದು ಕೊಡ್ತೀನಿ."

ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಗಿರಾಕಿ ಕಾಯುತ್ತಿದ್ದಾರೆ. ಕೋಣೆ ಚೊಕ್ಕ ಮಾಡಬೇಕು. ಅಷ್ಟೇ ತಾನೆ. ವಸತಿ ನಡೆಸುವವರು ಮಾಡುವುದು ಇದನ್ನೇ. ಕಸಬರಿಗೆ ಕೈಗೆ ಬಂತು. ಒಳಗೆ ಕತ್ತಲೆ. ಕತ್ತಲೆಯಲ್ಲಿ ಸೀನು ನಿಂತಿತು. ಹನಿ ನಿಂತಿತು. ನಗು ನಿಂತಿತು. ಅವರೆಲ್ಲ ನೋಡುತ್ತಿದ್ದರು.

ಮೂಲೆಯಿಂದ ಶುರು ಮಾಡಿದ. ಒಂದು ಉದ್ದ ಕೂದಲು. ಸೀಗೆಕಾಯಿಯ ವಾಸನೆ. ಬಿದ್ದ ಅರಿಶಿನದ ಪುಡಿ. ಒಣಗಿದ ಕನಕಾಂಬರ. ಎಳೆದ. ಪಡಸಾಲೆಗೆ ಬಂತು. ಎಳೆದ. ಹೊಸ್ತಿಲ ಒಳಗೆ ಸಣ್ಣ ಗುಡ್ಡೆ. ನಿಂತ.

ತಲೆಯೆತ್ತಿದ. ಓಣಿಯ ಕೊನೆಯಲ್ಲಿ ಸಾಸಿವೆ ಬಣ್ಣದ ಸೀರೆ. ಟ್ರಂಕಿನ ಭಾರಕ್ಕೆ ಒಂದು ಹೆಗಲು ಬಾಗಿದೆ. ನಡಿಗೆ ನಿಧಾನ. ಬೇಕೆಂದೇ ನಿಧಾನ. ಕೂಗಿದರೆ ಕೇಳುತ್ತದೆ. ಓಡಿದರೆ ಸಿಗುತ್ತಾಳೆ. ಓಡಲೆ? ಹೋಗಿ ಏನನ್ನಲಿ? ಇಲ್ಲಿ ಬಿಟ್ಟುಬಿಡು. ಗುಡ್ಡೆ ಇಲ್ಲೇ ಇರಲಿ. ಅವಳು ಆದೋನಿ ಮುಟ್ಟುತ್ತಾಳೆ. ಉಣ್ಣುತ್ತಾಳೆ. ಅಣ್ಣನ ಮಕ್ಕಳೊಡನೆ ನಗುತ್ತಾಳೆ. ಬರುವುದಿಲ್ಲ. ಇನ್ನು ಬರುವುದಿಲ್ಲ. ಹೆಣವಾಗಿ ಈ ಕೋಣೆಗೆ ಬಂದವರು ಹೋಗುವುದಿಲ್ಲ. ಯಾರೂ ಹೋಗಿಲ್ಲ.

"ಏ ತಮ್ಮಾ!" ಎದುರು ಜಗಲಿಯಿಂದ ಬಸಲಿಂಗಮ್ಮ ಎದ್ದು ನಿಂತಳು. ಮೊರ ಉರುಳಿತು. "ಏ! ಆಕಿ ಇನ್ನಾ ಕಾಣಾಕತ್ತಾಳ! ಬಿಡೋ! ಕಸಬರಿಗಿ ಬಿಡೋ!"

ಒಂದೇ ಎಳೆತ.

ರಂಗೋಲಿ ಅಳಿಸಿತು. ಕೂದಲು ಹೊಸ್ತಿಲ ಸಂದಿಗೆ ಒಂದು ಕ್ಷಣ ಸಿಕ್ಕಿಕೊಂಡಿತು. ಬಿಡಿಸಿಕೊಂಡಿತು. ಓಣಿಗೆ ಬಿತ್ತು.

ಬಸಲಿಂಗಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಸಾಸಿವೆ ಬಣ್ಣ ಬೇವಿನ ಮರದ ಆಚೆ ತಿರುಗಿ ಮರೆಯಾಯಿತು. ಬಸ್ಸಿನ ಹಾರ್ನು ಕೇಳಿಸಿತು.

ಗುಲ್ಬರ್ಗಾದವರು ಒಳಗೆ ಹೋದರು. ಸಂಜೆಯಾಗುವುದರೊಳಗೆ ಸಾಮಾನು ಹೊತ್ತುಕೊಂಡು ಹೊರಗೆ ಬಂದರು. ಹಿರಿಯ ಅವನ ಮುಖ ನೋಡಲಿಲ್ಲ. "ಒಳಗ ಹೆಣ್ಣಮಗಳು ಅಳಾಕತ್ತಾಳ್ರೀ," ಎಂದಷ್ಟೇ ಹೇಳಿ ಹೋದ.

ಮರುದಿನ ಅಂಜಿನಪ್ಪ ಬಸ್ಸನ್ನು ನಿಲ್ಲಿಸಿಟ್ಟು ಮನೆಯವರೆಗೆ ನಡೆದು ಬಂದ. ಟೋಪಿ ಕೈಯಲ್ಲಿತ್ತು.

"ನಮ್ಮ ಬಸ್ಸಿನ್ಯಾಗೇ ಸಾರ್. ಕೌತಾಳಂ ದಾಟಿತ್ತು. ಕಿಟಕಿಗೆ ತಲಿ ಆನಿಸಿದ್ರು. ಮಲಗ್ಯಾರಂತ ಮಾಡಿದ್ದೆ."

"ಗೊತ್ತದ," ಎಂದ ಸೇತುಮಾಧವ.

ಆದೋನಿಗೆ ಹೋಗಿ ಕರ್ಮ ಮುಗಿಸಿ ಬಂದ. ಬಾಗಿಲ ಮೇಲಿನ ಅಕ್ಷರಗಳಿಗೆ ಸುಣ್ಣ ಬಳಿದ. ಬಸಲಿಂಗಮ್ಮ ಜಗಲಿಯಲ್ಲಿ ಕೂರುವುದನ್ನು ಬಿಟ್ಟಳು. ಅವಳ ಬಾಗಿಲು ಹಗಲಿನಲ್ಲೂ ಮುಚ್ಚಿರುತ್ತಿತ್ತು. ಈಗ ಮಧ್ಯಾಹ್ನಗಳಲ್ಲಿ ಸೇತುಮಾಧವ ಒಳಕೋಣೆಯೊಳಗೇ ಹೋಗಿ ಕುಳಿತುಕೊಳ್ಳುತ್ತಾನೆ. ಸೀಗೆಕಾಯಿಯ ವಾಸನೆ ಬರುವ ಕಡೆ ಮುಖ ಮಾಡುತ್ತಾನೆ. ಬಳೆಯ ಸದ್ದು ಗೋಡೆಯ ಹತ್ತಿರದಿಂದ ಬರುತ್ತದೆ. ಅವಳು ಗೋಡೆಗೆ ಮುಖ ಹಾಕಿ ಕುಳಿತಿದ್ದಾಳೆಂದು ಅವನಿಗೆ ಗೊತ್ತು. ಅವನು ಮಾತಾಡುತ್ತಾನೆ. ನಿಲ್ಲಿಸದೆ ಮಾತಾಡುತ್ತಾನೆ. ತೆಲುಗು ಅಕ್ಷರ ಸೊಟ್ಟಗೆ ಬಂದದ್ದರ ಬಗ್ಗೆ, ಒಗ್ಗರಣೆಯ ಬಗ್ಗೆ, ಅವಳು ಬಸ್ಸಿಳಿದ ದಿನ ತನಗೆ ಏನಾಯಿತು ಎಂಬುದರ ಬಗ್ಗೆ. ಮುದುಕ ಸೀನುತ್ತಾನೆ. ನೀರು ಹನಿಯುತ್ತದೆ. ತುಳಸಿ ತಿರುಗುವುದಿಲ್ಲ, ಉತ್ತರ ಕೊಡುವುದಿಲ್ಲ.

ಅವಳು ಬದುಕಿದ್ದಾಗ, "ಇರು" ಎಂದು ಅವನು ಒಮ್ಮೆಯೂ ಹೇಳಿರಲಿಲ್ಲ.